ಆಂಪ್ಲಿಫೈಯರ್ ಸರಿಯಾಗೇ ಇತ್ತು

ಎಡಗಿವಿಯ ಆಪರೇಷನ್ ಆಗಿ ಮೂರು ತಿಂಗಳಾಯಿತು. ನಿನ್ನೆ ಡಾಕ್ಟರ್ ಹೊಸ ಚಾರ್ಟ್ ನೋಡಿ, "ಇನ್ನು ಧೈರ್ಯವಾಗಿ ಹಾಡು ಕೇಳಿ" ಅಂದರು. ಥ್ಯಾಂಕ್ಸ್ ಹೇಳಬೇಕಾದವರು ಸುಮಾರು ಜನ ಇದ್ದಾರೆ. ದೊಡ್ಡಪ್ಪನಿಂದ ಶುರು ಮಾಡುತ್ತೇನೆ. ಅವರು ಈಗಿಲ್ಲ, ಆದರೂ.

ತೀರ್ಥಹಳ್ಳಿ ಕಡೆಯ ಅವರ ಮನೆಯಲ್ಲಿ ಒಂದು ಮರ್ಫಿ ವಾಲ್ವ್ ರೇಡಿಯೋ ಇತ್ತು. ರೇಡಿಯೋ ಇಟ್ಟುಕೊಂಡವರು ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ಕಟ್ಟುತ್ತಿದ್ದ ಕಾಲ. ಸ್ವಿಚ್ ಹಾಕಿದ ತಕ್ಷಣ ಅದು ಮಾತಾಡುತ್ತಿರಲಿಲ್ಲ. ಡಯಲ್‌ ದೀಪ ಹತ್ತಿ, ಧೂಳು ಬಿಸಿಯಾದ ವಾಸನೆ ಬಂದು, ಆಮೇಲೆ ಒಳಗಿನಿಂದ ಸಣ್ಣಗೆ 'ಹೂಂ' ಅನ್ನುತ್ತಿತ್ತು. ಬೆಳಿಗ್ಗೆ ಆರಕ್ಕೆ ಮುಂಚೆ ಭದ್ರಾವತಿ ಆಕಾಶವಾಣಿಯ ಆ ರಾಗ. 675 ಕಿಲೋಹರ್ಟ್ಸ್‌ನಲ್ಲಿ ದಿನಾ ಕೇಳಿದ ಆ ರಾಗ ವಾಲ್ಟರ್ ಕೌಫ್‌ಮನ್ ಅವರದ್ದು, ಅವರು 1934ರಲ್ಲಿ ಯುರೋಪಿನಿಂದ ಮುಂಬೈಗೆ ಬಂದವರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

"ಪಿಟೀಲು ಎಲ್ಲರಿಗೂ ಕೇಳಿಸ್ತದೆ ಮಾರಾಯ. ಅದರ ಅಡಿಯಲ್ಲಿ ತಂಬೂರಿ ಇದೆ, ಅದನ್ನ ಹುಡುಕು" ಅನ್ನುತ್ತಿದ್ದರು ದೊಡ್ಡಪ್ಪ. ನಾನು ಸ್ಪೀಕರಿನ ಬಟ್ಟೆಗೆ ಕಿವಿ ಒತ್ತಿ ಕೂರುತ್ತಿದ್ದೆ. ಮರದ ಪೆಟ್ಟಿಗೆ ಕೆನ್ನೆಯ ಕೆಳಗೆ ನಡುಗುತ್ತಿತ್ತು. ತಂಬೂರಿ ಸಿಕ್ಕಿದ ದಿನ ಎರಡು ದೋಸೆ ಜಾಸ್ತಿ ತಿಂದೆ. ಹೈಫೈ ಹುಚ್ಚು, ಅಂದರೆ ಹಾಡು ಇದ್ದ ಹಾಗೇ ಕೇಳಿಸಬೇಕು ಅನ್ನೋ ಹುಚ್ಚು, ಹಿಡಿದಿದ್ದು ಅಲ್ಲೇ.

ಅದನ್ನು ಪೂರ್ತಿ ತಲೆಗೇರಿಸಿದವರು ಶಿವಮೊಗ್ಗದ ನಮ್ಮ ಕಾಲೇಜಿನ ಮೇಷ್ಟ್ರು. ಎರಡು ಸ್ಪೀಕರಿಗೂ ಸಮ ದೂರದಲ್ಲಿ ಬೆತ್ತದ ಕುರ್ಚಿ ಹಾಕಿ ಕೂರಿಸಿ, ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದರು. ಎರಡು ತಾನಗಳ ನಡುವೆ ಮನ್ಸೂರರು ಉಸಿರೆಳೆದುಕೊಂಡಿದ್ದು ಕೇಳಿಸಿತು. ಯಾರೋ ಬಂದರು ಅಂತ ನಾನು ಬಾಗಿಲ ಕಡೆ ತಿರುಗಿದೆ. ಮೇಷ್ಟ್ರು ನಕ್ಕರು.

ಅದಾಗಿ ನಲವತ್ತು ವರ್ಷ ಸಂಬಳದ ಎಷ್ಟು ದುಡ್ಡು ಸುರಿದೆ ಅನ್ನೋದು ಬೇಡ. ಎರಡು ವರ್ಷದ ಹಿಂದೆ ನನ್ನ ಸೆಟ್ಟಿನಲ್ಲಿ ಬಾಸ್, ಅಂದರೆ ತಗ್ಗಿನ ಸ್ವರ, ತೆಳ್ಳಗಾಯಿತು. ವೈರ್ ಬದಲಿಸಿದೆ, ಕೆಪಾಸಿಟರ್ ಬದಲಿಸಿದೆ, ಬಾಸ್ ನಾಬ್ ಕೊನೆವರೆಗೂ ತಿರುಗಿಸಿದೆ. ಮೂರನೇ ಸಲ ಆಂಪ್ಲಿಫೈಯರ್ ಹೊತ್ತು ಹೋದಾಗ ಮೆಕ್ಯಾನಿಕ್ ಸುಮ್ನೆ ನನ್ನ ಮುಖ ನೋಡಿದರು. "ಸಾರ್, ಸೆಟ್ಟಿಗೆ ಏನೂ ಆಗಿಲ್ಲ. ಬೇಜಾರು ಮಾಡ್ಕೋಬೇಡಿ, ಒಂದ್ಸಲ ಕಿವಿ ತೋರಿಸಿ." ದುಡ್ಡೂ ತಗೊಳ್ಳಲಿಲ್ಲ. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಡಾಕ್ಟರ್ ಟ್ಯೂನಿಂಗ್ ಫೋರ್ಕ್ ಬಡಿದು ಕಿವಿಯ ಮುಂದೆ ಹಿಡಿದರು, ಕ್ಷೀಣವಾಗಿತ್ತು. ಕಿವಿಯ ಹಿಂದಿನ ಮೂಳೆಗೆ ಒತ್ತಿದರು, ಜೋರಾಗಿ ಕೇಳಿಸಿತು! ಓಟೋಸ್ಕ್ಲೆರೋಸಿಸ್. ಕಿವಿಯ ಒಳಗೆ ಕುದುರೆಯ ರಿಕಾಪಿನ ಆಕಾರದ ಒಂದು ಮೂಳೆ, ಸುಮಾರು 3 ಮಿಲಿಮೀಟರ್, ಇಡೀ ಮೈಯಲ್ಲೇ ಪುಟ್ಟದು, ಅಲುಗದ ಹಾಗೆ ಬಿಗಿದುಕೊಂಡಿತ್ತು. ಇದರಲ್ಲಿ ಸಾಮಾನ್ಯವಾಗಿ ತಗ್ಗಿನ ಸ್ವರಗಳೇ ಮೊದಲು ಹೋಗುತ್ತವಂತೆ. ತಂಬೂರಿ ಹೋಗಿದ್ದು ಹಾಗೆ.

ಬರೀ ಕಿವಿಗೆ ಮರಗಟ್ಟುವ ಇಂಜೆಕ್ಷನ್. ಮೂಳೆಯ ಮೇಲ್ಭಾಗ ತೆಗೆದು ಚಿಕ್ಕ ಟೆಫ್ಲಾನ್ ಪಿಸ್ಟನ್ ಕೂರಿಸಿ, ಡಾಕ್ಟರ್ ಪಿಸುಗುಟ್ಟಿದರು: "ಕೇಳಿಸ್ತಾ?" ಕೇಳಿಸಿತು. ಅವರಿಗೆ, ಮೊದಲ ದಿನಗಳಲ್ಲಿ ತಲೆ ಸುತ್ತಿದಾಗ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದ ನರ್ಸಮ್ಮನಿಗೆ, ಎರಡು ವರ್ಷ ಒಂದೇ ಮಾತನ್ನು ಮೂರು ಸಲ ಹೇಳಿದ ನನ್ನ ಹೆಂಡತಿಗೆ ಹೇಗೆ ಥ್ಯಾಂಕ್ಸ್ ಹೇಳಲಿ?

ಶುರುವಿನಲ್ಲಿ ಎಲ್ಲವೂ ಕರ್ಕಶ. ಸ್ಟೀಲ್ ತಟ್ಟೆ ಇಟ್ಟರೆ ದೇವಸ್ಥಾನದ ಜಾಗಟೆ ಬಾರಿಸಿದ ಹಾಗೆ. ಆರನೇ ವಾರ ಒಂದು ಬೆಳಿಗ್ಗೆ ರೇಡಿಯೋ ಹಾಕಿದೆ. ಪಿಟೀಲಿನ ಅಡಿಯಲ್ಲಿ ತಂಬೂರಿ ಇತ್ತು.

ಮೆಕ್ಯಾನಿಕ್ ಈ ಭಾನುವಾರ ಊಟಕ್ಕೆ ಬರುತ್ತಾರೆ. ಕೊನೆಯದಾಗಿ ಕೆಳಗಿನ ಮನೆಯವರಿಗೂ ಥ್ಯಾಂಕ್ಸ್. ಎರಡು ವರ್ಷ ಒಂದು ದಿನವೂ ಮೇಲೆ ಬಂದು ಜಗಳ ಮಾಡಲಿಲ್ಲ. ನಾಬ್ ಈಗ ಮಧ್ಯಕ್ಕೆ ಬಂದಿದೆ.