ಕೂತ್ಕೋ ಅಂದ ಮಗಳಿಗೆ

ಮಗಳೇ,

ವಿಜಯಪುರದಿಂದ ಅವ್ವನ ಆಶೀರ್ವಾದ. ಮೊನ್ನೆ ಫೋನಿನಲ್ಲಿ "ದುಡಿದದ್ದು ಸಾಕವ್ವಾ, ಇನ್ನು ಆರಾಮಾಗಿ ಕೂತ್ಕೋ" ಅಂದೆ. ಅದೇ ಉಸಿರಿನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಬೆಂಗಳೂರಿಗೆ ಬಂದುಬಿಡು ಅಂದೆ. ಎರಡರಲ್ಲಿ ಯಾವುದು ಮಗಳೇ?

ಕೂತರೇ ನನಗೆ ತೊಂದರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಬೇಗ ಸವೆಯುತ್ತದೆ ಅಂದರು ಡಾಕ್ಟರಮ್ಮ. ಬರೀ ವಾಕಿಂಗ್ ಸಾಲದು, ವಾರಕ್ಕೆ 2 ದಿನವಾದರೂ ಮೈಗೆ ಬಲ ಬರುವ ವ್ಯಾಯಾಮ ಬೇಕಂತೆ. ಅದಕ್ಕೇ ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು ಮಾಡುತ್ತೇನೆ. ನೀರು ತುಂಬಿದ ಬಾಟ್ಲಿ ಹಿಡಿದು ಕೈ ಎತ್ತುತ್ತೇನೆ. ನಿಮ್ಮಪ್ಪ ನಗುತ್ತಾರೆ. ನಗಲಿ.

ಓಣಿಯ ಗೆಳತಿಯರೆಲ್ಲ ಸೇರಿ ಗೋಳಗುಮ್ಮಟವನ್ನೂ ಹತ್ತಿದೆವು. ಇಕ್ಕಟ್ಟಾದ ಕಲ್ಲು ಮೆಟ್ಟಿಲು, 7 ಅಂತಸ್ತು. ಮೊದಲೆಲ್ಲ ಅಲ್ಲಿ ನಿಂತು ನಿಮ್ಮ ಹೆಸರು ಕೂಗುತ್ತಿದ್ದೆ. ಈ ಸಲ ನನ್ನ ಹೆಸರನ್ನೇ ಕೂಗಿದೆ. ಗುಮ್ಮಟ ಮತ್ತೆ ಮತ್ತೆ ಅದನ್ನೇ ಹೇಳಿತು!

ಈಗ ಕಸೂತಿ ಕಲಿಯುತ್ತಿದ್ದೇನೆ. ನಮ್ಮಜ್ಜಿಗೆ ಬರುತ್ತಿತ್ತು, ನನಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಬೀಳಬಾರದು. ಗವಂತಿ ಹೊಲಿಗೆಯಲ್ಲಿ ಒಂದೊಂದು ಜಾಗ ಬಿಟ್ಟು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟದ್ದನ್ನು ತುಂಬಬೇಕು. ಆಗ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಒಂದೆಳೆ ತಪ್ಪಿದರೆ ಹಾಕುತ್ತಿರುವ ಗೋಪುರದ ಚಿತ್ತಾರ ಸೊಟ್ಟಗಾಗುತ್ತದೆ. ಕಲಿಸುವ ಹುಡುಗಿ ನಿನಗಿಂತ ಚಿಕ್ಕವಳು, ಮುಲಾಜಿಲ್ಲದೆ ಬಿಚ್ಚಿಸುತ್ತಾಳೆ. ನನಗೆ ಅದೇ ಇಷ್ಟ. ನೀವೆಲ್ಲ ನಾನು ಏನು ಮಾಡಿದರೂ ನೋಡದೇ "ಚೆನ್ನಾಗಿದೆ" ಅಂದುಬಿಡುತ್ತೀರಿ, ಅಲ್ವಾ?

ಕಸೂತಿ ಹಾಕಲು ಸೀರೆ ಬೇಕಲ್ಲ, ಇಳಕಲ್‌ಗೆ ಹೋಗಿ ನಾನೇ ಆರಿಸಿ ತಂದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಆದ ಮೇಲೆ, ಚಾರ್ಜಿಗೆ ನಿಮ್ಮಪ್ಪನ ಮುಂದೆ ಕೈ ಒಡ್ಡುವುದು ತಪ್ಪಿದೆ. ಆಧಾರ್ ಕಾರ್ಡ್ ಬ್ಯಾಗಿನಲ್ಲೇ ಇರುತ್ತದೆ. ಬರುವ ತಿಂಗಳು ಬಾದಾಮಿಗೆ ಹೋಗುವ ಮಾತು ನಡೆದಿದೆ.

ಬೆಂಗಳೂರಿಗೂ ಬರುತ್ತೇನೆ. ಮೊಮ್ಮಗನನ್ನು ನೋಡುವ ಆಸೆ ನನಗಿಲ್ಲವೇ? ಆದರೆ ಒಂದು ತಿಂಗಳು, ಅದಕ್ಕಿಂತ ಜಾಸ್ತಿ ಇರಲ್ಲ. ಅರ್ಧ ಆದ ಸೆರಗನ್ನೂ ತರುತ್ತೇನೆ. ಮಗು ಮಲಗಿದಾಗ ಹಾಕುತ್ತೇನೆ. ಕಿಟಕಿ ಪಕ್ಕ ಜಾಗ ಮಾಡಿಡು, ಟ್ಯೂಬ್‌ಲೈಟಿನಲ್ಲಿ ನನಗೆ ಎಳೆ ಕಾಣಲ್ಲ.

ಇಂತಿ,
ನಿನ್ನ ಅವ್ವ