ಅಪ್ಪನಾಗುವವನೂ ಮೂರು ತಿಂಗಳು ಮೊದಲೇ ಕುಡಿತ ಬಿಡಲಿ

ಮಾನ್ಯರೆ,

ಮಗುವಿನ ಆರೋಗ್ಯಕ್ಕಾಗಿ ಮದ್ಯದಿಂದ ದೂರವಿರಬೇಕಾದವಳು ಗರ್ಭಿಣಿ ಮಾತ್ರ ಎಂಬ ತಿಳಿವಳಿಕೆ ನಮ್ಮ ಗಡಿನಾಡು ಕಾಸರಗೋಡಿನಲ್ಲಿ ಇನ್ನೂ ಬಲವಾಗಿದೆ, ಅದು ಅರ್ಧಸತ್ಯ.

ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ, ಪಕ್ವವಾಗಲು ಮತ್ತೆ ಒಂದೆರಡು ವಾರ ಬೇಕು. ಈ ಅವಧಿಯ ಕುಡಿತವು, ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕೆಂದು ಹೇಳುವ ರಾಸಾಯನಿಕ ಗುರುತುಗಳನ್ನು ಏರುಪೇರು ಮಾಡಬಲ್ಲದು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಧ್ಯಯನಗಳಲ್ಲಿ, ಗಂಡು ಇಲಿಗೆ ಮಾತ್ರ ಮದ್ಯ ಕೊಟ್ಟಾಗಲೂ ಮರಿಗಳ ಮುಖದ ರಚನೆಯಲ್ಲಿ ವ್ಯತ್ಯಾಸ ಕಂಡಿದೆ. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೆ ಎಚ್ಚರ ವಹಿಸಲು ಇಷ್ಟು ಸಾಕು. ತಾಯಿಯ ವಿಷಯದಲ್ಲಂತೂ ಸಂಶಯವೇ ಇಲ್ಲ: ಮಿದುಳು, ಬೆನ್ನುಹುರಿಗಳ ಮೂಲನಾಳ ಮುಚ್ಚುವುದು ಗರ್ಭಧಾರಣೆಯ ಸುಮಾರು 28 ದಿನಗಳೊಳಗೆ, ಅಂದರೆ ಎಷ್ಟೋ ಮಂದಿಗೆ ಗರ್ಭ ನಿಂತದ್ದು ಗೊತ್ತಾಗುವ ಮೊದಲೇ.

ಆದ್ದರಿಂದ ಮಗು ಬೇಕೆನ್ನುವ ಇಬ್ಬರೂ ಕನಿಷ್ಠ ಮೂರು ತಿಂಗಳು ಮೊದಲೇ ಮದ್ಯ ನಿಲ್ಲಿಸಬೇಕು. ದಿನನಿತ್ಯ ಹೆಚ್ಚು ಕುಡಿಯುವವರು ಏಕಾಏಕಿ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್ ಬರುವ ಅಪಾಯವಿದೆ. ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು.

ಮದುವೆ ನೋಂದಣಿಗೆ ಪಂಚಾಯತಿಗೆ ಬರುವ ದಂಪತಿಗಳ ಕೈಗೆ ಈ ಮಾಹಿತಿಯ ಕರಪತ್ರವನ್ನು ಮಲಯಾಳದ ಜೊತೆಗೆ ಕನ್ನಡದಲ್ಲೂ ಕೊಡುವ ವ್ಯವಸ್ಥೆಯನ್ನು ಕೇರಳದ ಆರೋಗ್ಯ ಇಲಾಖೆ ಮತ್ತು ಅಬಕಾರಿ ಇಲಾಖೆಯ ವ್ಯಸನಮುಕ್ತಿ ಯೋಜನೆಯಾದ ‘ವಿಮುಕ್ತಿ’ ಸೇರಿ ಮಾಡಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಿಂದಲೇ ಆರಂಭಿಸಬಹುದು.

– ಓದುಗರು, ಬದಿಯಡ್ಕ