ಯಾವ ಗಾಯ, ಅಮ್ಮ?

ಕವಾಸಾಕಿ, ಜಪಾನ್
14 ಸೆಪ್ಟೆಂಬರ್ 2019

ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ತಿಳಿಸು.

ಪಾರ್ಸೆಲ್ ಮಂಗಳವಾರ ಕೈಸೇರಿತು. ಚಟ್ನಿಪುಡಿ ಚೆಲ್ಲಿಲ್ಲ. ಹುರಿಹಿಟ್ಟಿನ ಪೊಟ್ಟಣ ಮಾತ್ರ ಮೂಲೆಯಲ್ಲಿ ಒಡೆದು ನಿನ್ನ ಕಾಗದಕ್ಕೆಲ್ಲ ಮೆತ್ತಿಕೊಂಡಿತ್ತು. ಕೊಡವಿಕೊಂಡು ಓದಿದೆ.

ಮೊದಲು ಚಂಡಮಾರುತದ ವಿಷಯ. ಇಲ್ಲಿ ಅವಕ್ಕೆ ನಂಬರು ಕೊಟ್ಟು ಕರೆಯುತ್ತಾರೆ, ಇದು ಈ ವರ್ಷದ 15ನೆಯದು. ಚಿಬಾ ಕಡೆ ಲಕ್ಷಾಂತರ ಮನೆಗಳಲ್ಲಿ ಕರೆಂಟು ಹೋಗಿ ಇನ್ನೂ ಪೂರ್ತಿ ಬಂದಿಲ್ಲ, ಟೀವಿಯವರು ಸುಳ್ಳು ಹೇಳಿಲ್ಲ. ಆದರೆ ನನ್ನ ಮನೆಯ ಒಂದು ಗಾಜೂ ಒಡೆದಿಲ್ಲ. ಸೋಮವಾರ ಬೆಳಿಗ್ಗೆ ರೈಲು ನಿಂತಿದ್ದರಿಂದ ಮಧ್ಯಾಹ್ನ ಕಚೇರಿಗೆ ಹೋದೆ, ಅಷ್ಟೇ. ಸುಮತ್ತೆಗೂ ಹೇಳಿಬಿಡು.

ಇನ್ನು ನಿನ್ನ ಕಾಗದ. ನಾಲ್ಕು ಪುಟದಲ್ಲಿ ಎರಡು ಪುಟ ನನ್ನ ಬೊಂಬೆ ಸಿನಿಮಾದ ಮೇಲೆಯೇ ಇದೆ. ಟಿಕೆಟ್ ಮೊದಲೇ ತೆಗೆದಿಟ್ಟ ಸುದ್ದಿಯನ್ನು ಗಿರಿ ನಿನ್ನ ಕಿವಿಗೆ ಹಾಕಿದ್ದಾನೆ. ಇಪ್ಪತ್ತೆಂಟು ತುಂಬಿದವಳು ಮಕ್ಕಳ ಸಿನಿಮಾ ನೋಡುತ್ತಾಳೆಂದು ಶಿವಮೊಗ್ಗದ ಗಂಡಿನ ಕಡೆಯವರಿಗೆ ತಿಳಿದರೆ ಗತಿ ಏನು ಎಂದು ಕೇಳಿದ್ದೀಯೆ. ತಿಳಿಯಲಿ ಬಿಡು. ಹೋದ ಶನಿವಾರ ನೋಡಿಯೂ ಬಂದೆ. ಥಿಯೇಟರಿನಲ್ಲಿ ಒಂದು ಮಗುವೂ ಇರಲಿಲ್ಲ. ಪಕ್ಕದಲ್ಲಿ ಕುಳಿತವರು ನಮ್ಮ ಚಿಕ್ಕಪ್ಪನ ವಯಸ್ಸಿನವರು, ಕೋಟು ಹಾಕಿ ಬಂದಿದ್ದರು. ಸಿನಿಮಾ ಮುಗಿದ ಮೇಲೂ ಕೊನೆಯ ಹೆಸರು ಪರದೆಯಿಂದ ಸರಿಯುವವರೆಗೆ ಯಾರೂ ಏಳುವುದಿಲ್ಲ. ನಮ್ಮ ಸಾಗರದಲ್ಲಾಗಿದ್ದರೆ ಅಷ್ಟರಲ್ಲಿ ಅರ್ಧ ಜನ ಸೈಕಲ್ ಸ್ಟ್ಯಾಂಡಿನಲ್ಲಿರುತ್ತಿದ್ದರು. ಟಿಕೆಟ್ಟಿಗೆ ಎಷ್ಟಾಯಿತು ಎಂದು ಮಾತ್ರ ಕೇಳಬೇಡ.

ಸಿನಿಮಾ ಕೊನೊಸುಬಾ ಎಂಬ ಟೀವಿ ಅನಿಮೇಷನ್ ಸರಣಿಯ ಮುಂದುವರಿಕೆ. 2016ರಲ್ಲಿ ಹತ್ತು ಕಂತು, 2017ರಲ್ಲಿ ಹತ್ತು ಕಂತು ಬಂದಿದ್ದವು, ಆಮೇಲೆ ಈಗ ಇದು. ಕಾಜುಮಾ ಎಂಬ ಸೋಮಾರಿ ಹುಡುಗ ಟ್ರ್ಯಾಕ್ಟರನ್ನು ಲಾರಿ ಎಂದುಕೊಂಡು ಹೆದರಿಯೇ ಸಾಯುತ್ತಾನೆ, ಬೇರೆ ಲೋಕಕ್ಕೆ ಹೋಗುವಾಗ ತನ್ನನ್ನು ಕಂಡು ನಕ್ಕ ದೇವಿಯನ್ನೇ ಜೊತೆಗೆ ಎಳೆದುಕೊಂಡು ಹೋಗುತ್ತಾನೆ. ಆ ದೇವಿಯಿಂದ ಮೂರು ಕಾಸಿನ ಉಪಯೋಗವಿಲ್ಲ. ಇದನ್ನೆಲ್ಲ ಸಿನಿಮಾದಲ್ಲಿ ಮತ್ತೆ ವಿವರಿಸುವುದಿಲ್ಲ, ಸರಣಿ ನೋಡದವರಿಗೆ ತಲೆಬುಡ ತಿಳಿಯದು. ಸ್ಟುಡಿಯೋ ಬದಲಾಗಿದೆ ಎಂದು ನನಗೆ ಅಳುಕಿತ್ತು. ನಿರ್ದೇಶಕ ಕನಸಾಕಿ ಹಳಬರೇ, ಪಾತ್ರಗಳು ಅಳುವಾಗ ಮುಖ ಸೊಟ್ಟಗಾಗುವುದೂ ಹಾಗೆಯೇ ಉಳಿದಿದೆ. ನೆಮ್ಮದಿಯಾಯಿತು.

ಕಥೆ ಶುರುವಾಗುವುದು ಒಂದು ಕಾಗದದಿಂದ. ಯುನ್‌ಯುನ್ ಎಂಬ ಮಂತ್ರಗಾತಿಗೆ ಊರಿನ ಮುಖ್ಯಸ್ಥನಾದ ಅಪ್ಪ ಬರೆಯುತ್ತಾನೆ: ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಈ ಲೋಕದಲ್ಲಿ ಇರುವುದಿಲ್ಲ. ಅವಳು ಊರಿಗೆ ಧಾವಿಸಿ, ಕಾಜುಮಾನ ಗುಂಪೂ ಅವಳ ಹಿಂದೆ ಹೋದರೆ ಅಪ್ಪ ಗುಂಡುಕಲ್ಲಿನ ಹಾಗೆ ಕುಳಿತಿದ್ದಾನೆ! ಆ ಊರಿನಲ್ಲಿ ಕಾಗದ ಶುರುಮಾಡುವ ರೀತಿಯೇ ಅದಂತೆ, ನಾವು 'ಇತ್ತ ಕ್ಷೇಮ' ಎಂದು ಬರೆಯುವ ಹಾಗೆ. ಶತ್ರುಗಳು ಊರ ಹತ್ತಿರ ಕಟ್ಟಿದ ಪಾಳೆಯವನ್ನು ಒಡೆಯುವುದೋ, ಪ್ರವಾಸಿಗರಿಗೆ ತೋರಿಸಲು ಉಳಿಸಿಕೊಳ್ಳುವುದೋ ಎಂಬುದೊಂದೇ ಅವರ ಚಿಂತೆ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅದೇ ಊರಿನ ಇನ್ನೊಬ್ಬ ಹುಡುಗಿ ಮೆಗುಮಿನ್, ಕಾಜುಮಾನ ಗುಂಪಿನವಳು, ನನ್ನ ಅಚ್ಚುಮೆಚ್ಚಿನವಳು. ಕಲಿತಿರುವುದು ಒಂದೇ ಮಂತ್ರ. ದಿನಕ್ಕೊಮ್ಮೆ ಅದನ್ನು ಸಿಡಿಸಿ ನೆಲಕ್ಕೆ ಬೀಳುತ್ತಾಳೆ, ಯಾರಾದರೂ ಹೊತ್ತು ತರಬೇಕು. ಕಾಜುಮಾನ ಕೈಗೆ ದುಡ್ಡು ಬರಲಿದೆ ಎಂದು ತಿಳಿದ ಕೂಡಲೇ ಇವಳ ಅಮ್ಮ ಮಗಳಿಗೆ ನಿದ್ದೆಯ ಮಂತ್ರ ಹಾಕಿ ಅವನಿದ್ದ ಕೋಣೆಗೇ ಸಾಗಿಸುತ್ತಾಳೆ. ಕೋಪ ಮಾಡಿಕೊಳ್ಳಬೇಡ, ಶಿವಮೊಗ್ಗದವರ ಅಡಿಕೆ ತೋಟ ಎಷ್ಟು ಎಕರೆ ಎಂದು ನೀನು ಫೋನಿನಲ್ಲಿ ಎರಡು ಸಲ ಹೇಳಿದ್ದು ನೆನಪಾಯಿತು.

ಊರಿಗೆ ಹೋಗುವವರೆಗಿನ ಭಾಗಕ್ಕೆ ನೂರಕ್ಕೆ ನೂರು ಕೊಡುತ್ತೇನೆ. ಕೊನೆಯ ಜಗಳವನ್ನು ಮಾತ್ರ ಎಳೆದಿದ್ದಾರೆ, ಖಳ ಪಾತ್ರದ ಮೈಯ ಬಗ್ಗೆ ಮಾಡಿದ ತಮಾಷೆಯೂ ನನಗೆ ಹಿಡಿಸಲಿಲ್ಲ. ಆದರೆ ಊರನ್ನು ಕಾಯಬೇಕಾದ ಮಹಾ ಆಯುಧ ಇಷ್ಟು ದಿನ ಅಂಗಡಿಯಲ್ಲಿ ಬಟ್ಟೆ ಒಣಹಾಕುವ ಗಳುವಾಗಿತ್ತು ಎಂಬಲ್ಲಿಗೆ ಎಲ್ಲವನ್ನೂ ಕ್ಷಮಿಸಿದೆ. ಮರುದಿನ ಸಂಜೆ ಗಾಳಿಗೆ ಹಾರದಿರಲೆಂದು ನಮ್ಮ ಕಟ್ಟಡದವರೆಲ್ಲ ಬಾಲ್ಕನಿಯ ಗಳು ಇಳಿಸಿ ನೆಲದ ಮೇಲೆ ಮಲಗಿಸುತ್ತಿದ್ದರು. ನಾನೂ ನನ್ನದನ್ನು ಹೆಗಲಿಗೆ ಇಟ್ಟು ಗುರಿ ಹಿಡಿದೆ. ಎದುರುಮನೆಯ ಅಜ್ಜಿ ನೋಡಿಬಿಟ್ಟರು.

ಎರಡು ದಿನ ಬಿಟ್ಟು ನಿನ್ನ ಕಾಗದ ಬಂತು. ಗೌರಿ ಬಾಗಿನ, ಮಳೆ, ಕರು ಹಾಕಿದ ಹಸು, ಎಲ್ಲ ಆದ ಮೇಲೆ ನಾಲ್ಕನೆಯ ಪುಟದ ಅಂಚಿನಲ್ಲಿ, ಜಾಗವಿಲ್ಲದೆ ಅಡ್ಡಲಾಗಿ: 'ಅಪ್ಪನ ಕಾಲಿನ ಗಾಯ ಮಾಗುತ್ತಿದೆ, ನೀನು ಯೋಚನೆ ಮಾಡಬೇಡ.'

ಯಾವ ಗಾಯ, ಅಮ್ಮ? ನನಗೆ ಯಾರೂ ಹೇಳಲಿಲ್ಲ. ಗಿರಿಯನ್ನು ಕೇಳಿದರೆ ಮೊದಲು ಏನಿಲ್ಲ ಎಂದ. ಗದರಿದ ಮೇಲೆ ಚಪ್ಪಲಿ ಕಚ್ಚಿದ್ದು, ಹೆಬ್ಬೆರಳ ಬುಡದಲ್ಲಿ, ಒಂದು ತಿಂಗಳಾಯಿತು, ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್ ಎಂದ. ಶುಗರ್ ಇರುವವರಿಗೆ ಕಾಲಿನ ಗಾಯ ಎಂದರೆ ಸಣ್ಣ ಮಾತೇ? ಅಪ್ಪನಿಗೆ ನೋವು ಗೊತ್ತಾಗುವುದಿಲ್ಲ, ಅದಕ್ಕೇ ಏನೂ ಇಲ್ಲ ಎನ್ನುತ್ತಾರೆ. ಆ ಮುಖ್ಯಸ್ಥ ಸಾಯುತ್ತೇನೆ ಎಂದು ಬರೆದು ಚೆನ್ನಾಗಿದ್ದ. ನಮ್ಮ ಮನೆಯ 'ಕ್ಷೇಮ'ವನ್ನು ನಾನು ಇನ್ನು ಹೇಗೆ ಓದಲಿ?

ಬರಿಗಾಲಿನಲ್ಲಿ ತೋಟಕ್ಕೆ ಹೋಗಲು ಬಿಡಬೇಡ. ಅರಿಶಿನ, ಸೊಪ್ಪಿನ ರಸ ಹಚ್ಚಬೇಡ. ಊಟಕ್ಕೆ ಮೊದಲು, ಊಟದ ನಂತರ ಶುಗರ್ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು, ಗಾಯದ ಫೋಟೋ, ಎಲ್ಲವನ್ನೂ ಗಿರಿ ಇವತ್ತೇ ಮೊಬೈಲಿಗೆ ಕಳಿಸಲಿ. ದೊಡ್ಡ ಆಸ್ಪತ್ರೆಗೆ ತೋರಿಸಿ, ಖರ್ಚಿನ ಮಾತು ಬೇಡ. ಸೋಮವಾರ ಇಲ್ಲಿ ಹಿರಿಯರನ್ನು ಗೌರವಿಸುವ ದಿನವೆಂದು ರಜೆ, ಬ್ಯಾಂಕಿಲ್ಲ, ಮಂಗಳವಾರ ಹಣ ಹಾಕುತ್ತೇನೆ. ನಾನು ಗಾಬರಿಯಾಗಿಲ್ಲ, ಚೆನ್ನಾಗಿ ಊಟ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ, ನೀನು ಅಳಬೇಡ. ದೀಪಾವಳಿಗೆ ರಜೆ ಕೇಳಿದ್ದೇನೆ. ಬೇಕಾದರೆ ಶಿವಮೊಗ್ಗದವರನ್ನೂ ನೋಡುತ್ತೇನೆ, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು.

ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಎಡಗಾಲೋ ಬಲಗಾಲೋ ಎಂದು ಗಿರಿ ಹೇಳಲೇ ಇಲ್ಲ, ನೀನು ಬರೆದು ತಿಳಿಸು.

ನಿನ್ನ
ಪುಟ್ಟಿ